ಮುನಿಸಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ನಮ್ಮ ಅವ್ವನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಕಡಿಮೆ. ಹಾಲು ಹಿಂಡುವಾಗ ಎಮ್ಮೆ ಚರಿಗೆಯನ್ನು ಒದ್ದಾಗ, ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಗೆ ಕಾಗೆ ಬಾಯಿ ಹಾಕಿದಾಗ ಬರುತ್ತಿತ್ತು, ಬಂದಷ್ಟೇ ಬೇಗ ಇಳಿಯುತ್ತಿತ್ತು. ಆದರೆ ಮುನಿಸು ಅವಳಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಕೆಲವರಿಗೆ ಹಾಡು ಬರುತ್ತದಲ್ಲ, ಹಾಗೆ. ಅದರ ಏರಿಳಿತ, ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಲ್ಲ ಅವಳಿಗೆ ಗೊತ್ತಿತ್ತು. ಈ ಮುನಿಸು ಹೆಚ್ಚಾಗಿ ಖರ್ಚಾಗುತ್ತಿದ್ದುದು ಒಬ್ಬನೇ ಒಬ್ಬನ ಮೇಲೆ. ಅವನು ಅವಳ ತಮ್ಮ, ನನ್ನ ಸೋದರಮಾವ.

ಎಪ್ಪತ್ತರ ದಶಕದಲ್ಲಿ ನಾನು ಲಂಗ ತೊಟ್ಟು ಮಾನ್ವಿಯ ಹೈಸ್ಕೂಲಿಗೆ ಹೋಗುತ್ತಿದ್ದಾಗ ಇಂಗ್ಲಿಷ್ ಮಾಸ್ತರರು ನಿಮ್ಮ ಮನೆಯ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಬರೆದುಕೊಂಡು ಬನ್ನಿ ಎಂದಿದ್ದರು. ಆಗ ಮಾಮಾ ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದ. ಆ ವರ್ಷ ನಾಗರಪಂಚಮಿಗೆ ಅವನು ಬಂದಿರಲಿಲ್ಲ, ಅವ್ವ ಮುನಿಸಿಕೊಂಡಿದ್ದಳು. ಮನೆಯಲ್ಲಿ ನಡೆಯುತ್ತಿದ್ದ ದೊಡ್ಡ ಸುದ್ದಿ ಅದೇ ಆಗಿದ್ದರಿಂದ ನಾನು ಅದನ್ನೇ ಬರೆದೆ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ‘ಆ್ಯಂಗ್ರಿ’ ಎಂಬ ಒಂದೇ ಪದ ಅದರ ಹತ್ತಿರ ಹೋಗುತ್ತಿತ್ತು. ಬರೆದದ್ದನ್ನು ದೊಡ್ಡ ದನಿಯಲ್ಲಿ ಓದಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ, ಏನು ಬರೆದೀಯಂತ ನಮ್ಮ ಮಾತಿನಾಗ ಹೇಳು ಎಂದಳು. ನಿನಗೆ ಮಾಮಾನ ಮೇಲೆ ಸಿಟ್ಟು ಬಂದಿದೆ ಅಂತ ಬರೆದಿದ್ದೇನೆ ಎಂದೆ. ಅವಳ ಕೈ ನಿಂತಿತು.

“ಸಿಟ್ಟು ಯಾಕ ಬರ್ತದ ನನಗ? ಅವನೇನು ನನ್ನ ವೈರೀನಾ? ಮೊದಲ ಅಳಿಸು ಅದನ್ನ.”

“ಮತ್ತ ಮಾತಾಡವಲ್ಲಿ ಅವನ ಕೂಡ?”

“ಅದು ಬ್ಯಾರೆ. ಅದು ನನ್ನ ಅವನ ನಡುವ ಇದ್ದದ್ದು. ನಿಮ್ಮ ಮಾಸ್ತರಿಗಿ ಯಾಕ ಬೇಕು?”

ಅಳಿಸಿದೆ. ಅದರ ಜಾಗದಲ್ಲಿ ನಮ್ಮ ಮನೆಯಲ್ಲಿ ಒಂದು ಎಮ್ಮೆ ಇದೆ ಎಂದು ಬರೆದೆ. ಎಮ್ಮೆಗೆ ಇಂಗ್ಲಿಷಿನಲ್ಲಿ ಪದ ಇತ್ತು.

ಅವ್ವನ ತವರು ಹಿರೇಕೊಟ್ನೆಕಲ್. ತವರು ಎನ್ನುವುದನ್ನೂ ಇಂಗ್ಲಿಷಿಗೆ ದಾಟಿಸಲು ಹೋಗಿ ನಾನು ಆಮೇಲೆ ಎಷ್ಟೋ ಸಲ ಸೋತಿದ್ದೇನೆ. ತಾಯಿಯ ಮನೆ ಅಂತ ಬರೆಯಬಹುದು. ಆದರೆ ಅವ್ವನ ತಾಯಿ ಅವಳ ಮದುವೆಯಾದ ವರ್ಷವೇ ತೀರಿಕೊಂಡಿದ್ದಳು, ಅವಳ ಹಿಂದೆಯೇ ತಂದೆಯೂ ಹೋದ. ಮನೆಯ ಮೇಲ್ಮುದ್ದೆಯ ಮಾಳಿಗೆ ಕುಸಿದು, ಗೋಡೆಯ ಮಣ್ಣು ಮಳೆಗೆ ಕರಗಿತ್ತು. ಉಳಿದದ್ದು ಇನ್ನೂ ಸರಿಯಾಗಿ ಮಾತು ಬಾರದ ತಮ್ಮ. ಅವನನ್ನು ಕೆಂಪು ಚೌಕಳಿಯ ವಲ್ಲಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಮಾನ್ವಿಗೆ ತಂದಳು. ಹೊಸ ಸೊಸೆ ತವರಿನಿಂದ ಪಾತ್ರೆ ಪಡಗ ತರುವ ಬದಲು ತಮ್ಮನನ್ನು ತಂದಳೆಂದು ಓಣಿಯವರು ಆಡಿಕೊಂಡರಂತೆ. ನಮ್ಮಪ್ಪ ಒಳ್ಳೆಯವನು, ಏನೂ ಅನ್ನಲಿಲ್ಲ. ಅವನು ತೀರಿಕೊಂಡ ಮೇಲೂ ಅವ್ವ ಹೊಲ ಪಾಲಿಗೆ ಕೊಟ್ಟು, ಮಧ್ಯಾಹ್ನ ಓಣಿಯವರಿಗೆ ಕೌದಿ ಹೊಲಿದುಕೊಟ್ಟು ನಮ್ಮಿಬ್ಬರನ್ನೂ ಓದಿಸಿದಳು. ಹೀಗಾಗಿ ಅವ್ವನಿಗೆ ತವರು ಎಂದರೆ ಊರಲ್ಲ, ಮನೆಯೂ ಅಲ್ಲ. ಎಂಬತ್ತರ ದಶಕದ ಹೊತ್ತಿಗೆ ಅವಳ ತವರು ಪ್ಯಾಂಟು ಹಾಕಿಕೊಂಡು, ಕಿಸೆಯಲ್ಲಿ ಪೆನ್ನು ಸಿಗಿಸಿಕೊಂಡು ಶಕ್ತಿನಗರದಲ್ಲಿ ಓಡಾಡುತ್ತಿತ್ತು.

ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಮಾಮಾನಿಗೆ ಕೆಲಸವಾಗಿತ್ತು. ಅತ್ತಿ, ಅಂದರೆ ಮಾಮಾನ ಹೆಂಡತಿ, ಗದ್ವಾಲದ ಕಡೆಯವಳು, ಮನೆಮಾತು ತೆಲುಗು. ನಾನು ಬಿ.ಎ., ಬಿ.ಎಡ್. ಮುಗಿಸಿ ದೇವದುರ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಶನಿವಾರ ಬಸ್ಸು ಹತ್ತಿ ಮಾನ್ವಿಗೆ ಬಂದು, ಸೋಮವಾರ ಬೆಳಿಗ್ಗೆ ಕೆಂಪು ಧೂಳು ತಲೆಗೆ ಹಾಕಿಕೊಂಡು ಮತ್ತೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಹಾಗೆ ಒಂದು ಶನಿವಾರ ಬಂದಾಗ ಅವ್ವ ನಡುಮನೆಯಲ್ಲಿ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ಗೂಡಿನಲ್ಲಿ ಒಂದು ದಪ್ಪ ಲಕೋಟೆ ಇತ್ತು.

“ಟಪಾಲಿನವ ಕೊಟ್ಟು ಹೋದ. ಬಂಗಾರದ ಗಣಪತಿ ಅದ ಮ್ಯಾಲ. ಓದು,” ಎಂದಳು.

ಮಾಮಾನ ಮಗಳ ಲಗ್ನಪತ್ರಿಕೆ. ಲಗ್ನ ಗೊತ್ತಾದದ್ದು ಅವ್ವನಿಗೆ ತಿಳಿದೇ ಇತ್ತು. ಹುಡುಗನನ್ನು ನೋಡಲು ಹೋದವರಲ್ಲಿ ಅವಳೂ ಇದ್ದಳು, ಕೌದಿಯನ್ನು ಶುರು ಮಾಡಿದ್ದೂ ಆ ಹುಡುಗಿಗಾಗಿಯೇ. ಪತ್ರಿಕೆ ಇಡಿಯಾಗಿ ಇಂಗ್ಲಿಷಿನಲ್ಲಿತ್ತು, ರಾಯಚೂರಿನ ತೀನ್‌ಕಂದೀಲ್ ಹತ್ತಿರದ ಯಾವುದೋ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಮಾಮಾನ ಜೊತೆ ಕೆಲಸ ಮಾಡುವವರು ಬಂಗಾಳ, ಬಿಹಾರ, ತಮಿಳುನಾಡು ಅಂತ ಎಲ್ಲೆಲ್ಲಿಂದಲೋ ಬಂದವರು. ಅವರಿಗೆಲ್ಲ ಸೇರಿ ಒಂದೇ ಕಾರ್ಡು ಹೊಡೆಸಿರಬೇಕು. ನಾನು ಕಲಿತ ಇಂಗ್ಲಿಷನ್ನೆಲ್ಲ ಬಳಸಿ ಗಂಭೀರವಾಗಿ ಅರ್ಥ ಹೇಳಿದೆ.

“ತಮ್ಮ ಘನ ಉಪಸ್ಥಿತಿಯನ್ನು ಕೋರುತ್ತೇವೆ.”

“ಅಂದ್ರ?”

“ಬರ್ರಿ ಅಂತ.”

“ಯಾರಿಗಿ?”

“ಎಲ್ಲಾರಿಗಿ ಯವ್ವಾ.”

“ಹಂಗಾದ್ರ ಎಲ್ಲಾರೂ ಹೋಗ್ರಿ.” ದಾರವನ್ನು ಹಲ್ಲಿನಿಂದ ಕಡಿದಳು. ಮತ್ತೆ ಸೂಜಿಗೆ ದಾರ ಪೋಣಿಸುತ್ತ, “ಯಕ್ಕಾ ಅಂತ ಎಲ್ಯಾದ್ರೂ ಬರದಾನೇನು ನೋಡು,” ಎಂದಳು.

ಕಾರ್ಡನ್ನು ತಿರುವಿ ನೋಡಿದೆ. ಲಕೋಟೆಯೊಳಗೆ ಕೈಹಾಕಿಯೂ ನೋಡಿದೆ. ಇರಲಿಲ್ಲ.

ನಮ್ಮಲ್ಲಿ ಲಗ್ನಕ್ಕೆ ಕರೆಯುವುದಕ್ಕೆ ಒಂದು ರೀತಿ ಇದೆ. ಕರೆಯುವವರು ಮನೆಗೆ ಬರಬೇಕು. ಬಂದು ಬಾಗಿಲಿಗೆ ಕುಂಕುಮ ಹಚ್ಚಿ, ಮನೆಯವರ ಕೈಗೆ ಅಕ್ಕಿಕಾಳು ಹಾಕಿ, ಮನೆಮಂದಿಯೆಲ್ಲ ಬರ್ರಿ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಏನಾದರೂ ಬಾಯಿಗೆ ಹಾಕಿಕೊಂಡೇ ಹೋಗಬೇಕು, ಒಂದು ಚೂರು ಬೆಲ್ಲವಾದರೂ ಸರಿ. ಊರಿನ ಉಳಿದವರಿಗೆ ಕಾರ್ಡು ಹೋದರೂ ನಡೆಯುತ್ತದೆ. ಆದರೆ ಸೋದರತ್ತಿಯ ಮಾತು ಬೇರೆ. ನಮ್ಮ ಮನೆತನದಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವ ಮೊದಲ ಕೈ ಸೋದರತ್ತಿಯದು. ಅವಳನ್ನು ತಮ್ಮನೇ ಬಂದು ಕರೆಯಬೇಕು, ಎಲ್ಲರಿಗಿಂತ ಮೊದಲು ಕರೆಯಬೇಕು. ಮಾಮಾ ಇದನ್ನು ಟಪಾಲಿಗೆ ಹಾಕಿದ್ದ.

ಅವ್ವ ಕೂಗಾಡಲಿಲ್ಲ, ಅಳಲಿಲ್ಲ. ನಾನು ಲಗ್ನಕ್ಕೆ ಹೋಗಂಗಿಲ್ಲ ಎಂದು ಒಂದು ಸಲ ಹೇಳಿದಳು, ಅಷ್ಟೇ. ನನಗೆ ಭಯವಾಯಿತು. ಇಂಥ ಮುನಿಸು ನಮ್ಮ ಕಡೆ ದಿನಬೆಳಗಾದರೆ ಬಂದುಹೋಗುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಅದರ ನಡುವೆ ಒಂದು ಲಗ್ನ ಬಂದು ಮುನಿಸಿಕೊಂಡವರು ಹೋಗದೇ ಉಳಿದುಬಿಟ್ಟರೆ ಕಥೆಯೇ ಬೇರೆ. ನಮ್ಮ ಅಜ್ಜಿಯ ತಂಗಿ ಹಾಗೆ ಒಂದು ಲಗ್ನಕ್ಕೆ ಹೋಗದೆ ಉಳಿದಿದ್ದಳು. ಆಮೇಲೆ ಆ ಎರಡು ಮನೆಯವರು ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವ್ವನಿಗೆ ಉಳಿದ ತವರು ಅದೊಂದೇ. ಅದು ಹೋದರೆ ಅವಳು ಏನಾಗುತ್ತಾಳೆ ಎಂದು ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಹೋಗುವುದಿಲ್ಲ ಎಂದವಳು ಕೌದಿಯನ್ನು ಮಾತ್ರ ನಿಲ್ಲಿಸಲಿಲ್ಲ. ಮೊದಲಿಗಿಂತ ಜೋರಾಗಿ ಹೊಲಿಯತೊಡಗಿದಳು. ಹಳೆಯ ಸೀರೆ, ಅಂಗಿ, ಕುಪ್ಪಸದ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಹೊಲಿಗೆ ಹಾಕುತ್ತ ಹೋಗುವ ಕೆಲಸ ಅದು. ಶುಕ್ರವಾರ ನೀರಮಾನ್ವಿಗೆ ಹೋಗಿ ಎಲ್ಲಮ್ಮನ ಮುಂದೆ ಹುಡುಗಿಯ ಹೆಸರಿನಲ್ಲಿ ಕಾಯಿ ಒಡೆಸಿಕೊಂಡು ಬಂದಳು. ಪುಂಡಿಪಲ್ಯ ಮಾಡುವುದನ್ನು ಬಿಟ್ಟಳು. ಅದು ಮಾಮಾನಿಗೆ ಜೀವ. ಮಾನ್ವಿಯ ಸಂತೆಯಲ್ಲಿ ಕಟ್ಟು ಕಟ್ಟಾಗಿ ಪುಂಡಿಸೊಪ್ಪು ಬಂದರೂ ಅವಳು ಆ ಕಡೆ ನೋಡುತ್ತಿರಲಿಲ್ಲ. ಮಾಮಾನನ್ನು ‘ಶಕ್ತಿನಗರದ ಸಾಹೇಬ್ರು’ ಎಂದು ಕರೆಯತೊಡಗಿದಳು. ಮೊದಲು ವಾರಕ್ಕೊಮ್ಮೆ ಅವನ ಮಾತು ಬರುತ್ತಿದ್ದರೆ ಈಗ ಗಳಿಗೆಗೊಮ್ಮೆ ಬರುತ್ತಿತ್ತು. ಚಹಾ ಕುದಿಸುವಾಗಲೂ ಸಾಹೇಬ್ರು, ಎಮ್ಮೆ ಹಿಂಡುವಾಗಲೂ ಸಾಹೇಬ್ರು. ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಪಕ್ಕದ ಮನೆಯಲ್ಲಿ ಬಳೆಗಾರರಿದ್ದರು. ಆ ಮನೆಯ ಹೆಂಗಸು ಅವ್ವನ ಗೆಳತಿ. ಒಂದು ಭಾನುವಾರ ಬಂದವಳು ಕೌದಿಯ ಮುಂದೆ ಕೂತ ಅವ್ವನ ಮುಖ ನೋಡಿ ನನ್ನ ಕಡೆ ತಿರುಗಿ, “ರೂಸ್ ಗಯೀ ಕ್ಯಾ ಭಾಯಿ ಸೇ?” ಎಂದಳು. ತಮ್ಮನ ಮೇಲೆ ಮುನಿಸೇನು ಎಂದು ಕೇಳಿದ್ದು. ಅವರ ಉರ್ದುವಿನಲ್ಲಿ ಅದಕ್ಕೆ ಪದ ಇದೆಯೆಂದು ನನಗೆ ಖುಷಿಯಾಗಿ ಹೌದೆಂದು ಗೋಣು ಹಾಕಿದೆ. ಅವಳು ಸಮಾಧಾನ ಮಾಡಲು ಹೋಗಿ, “ದೊಡ್ಡ ನೌಕರಿ ಬಂದ ಮ್ಯಾಲ ಅಕ್ಕ-ತಂಗಿ ಯಾರ ನೆಪ್ಪಿಗಿ ಬರ್ತಾರ ಬಿಡ್ರಿ,” ಎಂದುಬಿಟ್ಟಳು. ಅವ್ವ ಸೂಜಿ ಕೆಳಗಿಟ್ಟಳು.

“ಯವ್ವಾ, ಅವನ ಕೆಲಸ ಏನಂತ ಗೊತ್ತದೇನು ನಿನಗ? ಹಗಲಿಲ್ಲ, ರಾತ್ರಿಯಿಲ್ಲ. ಅವ ಅಲ್ಲಿ ನಿಂತಾನ ಅಂತ ನಿನ್ನ ಮನ್ಯಾಗ ಲೈಟು ಹತ್ತತದ. ನನ್ನ ತಮ್ಮನ ಮಾತು ನೀ ಆಡಬ್ಯಾಡ.”

ಶಕ್ತಿನಗರದ ಕರೆಂಟನ್ನೆಲ್ಲ ಮಾಮಾ ಒಬ್ಬನೇ ನಿಂತು ತಯಾರಿಸುತ್ತಾನೆಂದು ಅವ್ವ ನಿಜವಾಗಿಯೂ ನಂಬಿದ್ದಳು. ಗೆಳತಿ ಏನೂ ಬೇಸರ ಮಾಡಿಕೊಳ್ಳದೆ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಬಳೆಬುಟ್ಟಿ ಎತ್ತಿಕೊಂಡು ಹೋದಳು.

ದೇವದುರ್ಗದಲ್ಲಿ ನನ್ನ ಜೊತೆ ಒಂದೇ ಖೋಲಿಯಲ್ಲಿ ಕೇರಳದ ನರ್ಸೊಬ್ಬಳು ಇದ್ದಳು. ಅವಳಿಗೆ ಕನ್ನಡ ಅರೆಬರೆ, ನನಗೆ ಮಲಯಾಳಂ ಸೊನ್ನೆ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಅದು ಸಾಲದೇ ಬಂದಲ್ಲಿ ಕೈಸನ್ನೆಯಲ್ಲಿ. ಆ ಸೋಮವಾರ ಸ್ಟೋವಿನ ಮೇಲೆ ಅನ್ನಕ್ಕಿಟ್ಟು ಅವ್ವನ ಕಥೆ ಹೇಳಹೊರಟೆ, ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡೆ. ಆ್ಯಂಗ್ರಿ ಅಂದರೆ ಅವ್ವ ಹೈಸ್ಕೂಲಿನ ದಿನಗಳಲ್ಲೇ ಅಳಿಸಿಹಾಕಿಸಿದ್ದಳು. ಹರ್ಟ್ ಅಂದೆ. ನರ್ಸಿಗೆ ಎಲ್ಲಿ ಪೆಟ್ಟಾಯಿತು ಎಂಬ ಚಿಂತೆ. ಶಾಲೆಯಿಂದ ತಂದಿದ್ದ ದಪ್ಪ ನಿಘಂಟನ್ನು ತೆಗೆದೆವು. ಅದರಲ್ಲಿ ಸಿಕ್ಕ ಪದಕ್ಕೆ ಬೇಕಾದದ್ದು ಸಿಗದ ಮಗು ಮೂತಿ ಊದಿಸಿಕೊಂಡು ಕೂರುವುದು ಎಂಬ ಅರ್ಥ ಬರುತ್ತಿತ್ತು. ನನ್ನ ಅವ್ವ ಮೂತಿ ಊದಿಸಿಕೊಂಡಿರಲಿಲ್ಲ, ಕೌದಿ ಹೊಲಿಯುತ್ತಿದ್ದಳು. ಕೊನೆಗೆ ಪದದ ಆಸೆ ಬಿಟ್ಟು, ಟಪಾಲಿನಲ್ಲಿ ಬಂದ ಕಾರ್ಡಿನಿಂದ ಹಿಡಿದು ನಡೆದದ್ದನ್ನೆಲ್ಲ ಹಾಗೇ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು.

“ಓ, ಪಿಣಕ್ಕಂ!” ಎಂದಳು.

ಅವಳ ಅಪ್ಪನಿಗೂ ಅವನ ಅಣ್ಣನಿಗೂ ಒಂದು ಹಲಸಿನ ಮರದ ನೆಪದಲ್ಲಿ ಪಿಣಕ್ಕಂ ಆಗಿತ್ತಂತೆ. ಇಬ್ಬರೂ ದಿನಾ ಒಂದೇ ದೋಣಿಯಲ್ಲಿ ಹೊಳೆ ದಾಟುತ್ತಿದ್ದರಂತೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು. ಹೇಳುತ್ತ ಅವಳಿಗೆ ಮನೆಯ ನೆನಪಾಗಿ ಕಣ್ಣು ತುಂಬಿತು. ಆಮೇಲೆ ಯಾರು ಮೊದಲು ಮಾತಾಡಿದರು ಎಂದು ಕೇಳಿದೆ. ದೊಡ್ಡಪ್ಪನೇ ಒಂದು ದಿನ ಬಂದು ಊಟಕ್ಕೆ ಕೂತನಂತೆ, ಮಾತೇನೂ ಆಡಲಿಲ್ಲವಂತೆ. ನಿಘಂಟು ಬರೆದವರಿಗೆ ಈ ಸಂಗತಿ ತಿಳಿದಿರಲಾರದು ಎನ್ನಿಸಿತು ನನಗೆ. ಅವರ ಪದದೊಳಗೆ ಒಬ್ಬರೇ ಇದ್ದಾರೆ, ಮೂಲೆಯಲ್ಲಿ ಕೂತವರು. ನಮ್ಮ ಪದಕ್ಕೆ ಇಬ್ಬರು ಬೇಕು, ಮುನಿಸಿಕೊಳ್ಳುವವರು ಮತ್ತು ಕರೆಯಲು ಬರುವವರು. ಬರುತ್ತಾರೆಂಬ ನಂಬಿಕೆ ಇಲ್ಲದವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಅನ್ನ ತಳ ಹಿಡಿದ ವಾಸನೆ ಬಂದು ಇಬ್ಬರೂ ಎದ್ದೆವು.

ಆ ವಾರ ರಜೆ ಹಾಕಿ ರಾಯಚೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಶಕ್ತಿನಗರಕ್ಕೆ ಹೋದೆ. ಮಾಮಾನ ಕ್ವಾರ್ಟರ್ಸಿನಲ್ಲಿ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಮಾಮಾ ನನ್ನನ್ನು ನೋಡಿದ್ದೇ, “ಅಕ್ಕ ಎಂದ ಬರ್ತಾಳಂತ?” ಎಂದು ಕೇಳಿದ. ಅಟ್ಟದಿಂದ ಒಂದು ಪೊಟ್ಟಣ ಇಳಿಸಿ, ಹಸಿರು ಇಳಕಲ್ ಸೀರೆ ತೆಗೆದು ತೋರಿಸಿದ. ಅತ್ತಿಯ ಸೀರೆಗಿಂತಲೂ ಚೆನ್ನಾಗಿತ್ತು.

“ನೀ ಬಂದು ಕರಿಬೇಕು ಮಾಮಾ. ಅವ್ವ ಮುನಿಸ್ಕೊಂಡಾಳ,” ಎಂದೆ.

“ನನ್ನ ಮ್ಯಾಲ? ಯಾಕ? ಕಾರ್ಡು ಮುಟ್ಟಿಲ್ಲೇನು?”

“ಮುಟ್ಟ್ಯಾದ. ಅದಕ್ಕ.”

ಅವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದವನೇನೂ ಅಲ್ಲ ಅವನು, ಆದರೆ ಮಗಳ ಲಗ್ನದಲ್ಲಿ ಮುಳುಗಿಹೋಗಿದ್ದ. ಲಗ್ನದ ಹೊತ್ತಿಗೆ ಬೇಕೆಂದು ರಜೆ ಕೂಡಿಸಿಟ್ಟುಕೊಂಡಿದ್ದ, ದಿನಾ ಡ್ಯೂಟಿ ಮುಗಿಸಿ ಬಂದು ಶಾಮಿಯಾನದವರು, ಅಡಿಗೆಯವರು, ಬೀಗರು ಅಂತ ಓಡಾಡುತ್ತಿದ್ದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅಕ್ಕನಿಗೆ ಏನು ತೊಂದರೆಯಾಗಿರಬಹುದೆಂದು ಸ್ವಲ್ಪ ಹೊತ್ತು ಯೋಚಿಸಿ, ದಾರಿ ಕಂಡವನ ಹಾಗೆ ಹೇಳಿದ.

“ಬಸ್ಸಿನ್ಯಾಗ ಬರಾಕ ಆಕಿಗಿ ತ್ರಾಸ ಆಗ್ತದ ನೋಡು. ನನಗ ಮೊದಲ ಹೊಳಿಬೇಕಿತ್ತು. ಜೀಪು ಕಳಸ್ತೀನಿ. ಅರಿಷಿಣದ ದಿನ ಮುಂಜಾನಿ ಬಾಗಿಲಿಗೇ ಬರ್ತದ. ರಾಣಿ ಬಂದಂಗ ಬರಲಿ ನಮ್ಮಕ್ಕ.”

“ಜೀಪು ಬ್ಯಾಡ ಮಾಮಾ, ನೀ ಬಾ.”

“ನಾ ಬಂದ್ರ ಇಲ್ಲಿ ಯಾರು ನೋಡ್ತಾರವ್ವಾ? ನೀ ಆಕಿಗಿ ತಿಳಿಸಿ ಹೇಳು.”

ಅಷ್ಟರಲ್ಲಿ ಯಾರೋ ಕರೆದರೆಂದು ಹೊರಗೆ ಹೋದ. ತಿಳಿಸಿ ಹೇಳುವುದೇ ಆಗಿದ್ದರೆ ನಾನು ರಜೆ ಹಾಕಿ ಅಷ್ಟು ದೂರ ಯಾಕೆ ಬರುತ್ತಿದ್ದೆ? ಮನೆಯಲ್ಲಿ ಒಬ್ಬಳು ಮುನಿಸಿನಲ್ಲಿ ಗಟ್ಟಿ, ಇನ್ನೊಬ್ಬ ವ್ಯವಸ್ಥೆಯಲ್ಲಿ ಗಟ್ಟಿ. ನಡುವೆ ನಾನು ಬಸ್ಸಿನ ಟಿಕೆಟ್ಟು ಹಿಡಿದುಕೊಂಡು ಅಲೆದೆ.

ಅರಿಷಿಣದ ದಿನ ಬೆಳಿಗ್ಗೆ ಜೀಪು ಬಂದೇ ಬಂತು. ಗುತ್ತೇದಾರನೊಬ್ಬನಿಂದ ಮಾಮಾ ಕೇಳಿ ಪಡೆದದ್ದು. ಮುಂದೆ ಮಾವಿನ ತೋರಣ ಕಟ್ಟಿದ್ದರು. ಓಣಿಯವರೆಲ್ಲ ಹೊರಗೆ ಬಂದು ನಿಂತರು. ಡ್ರೈವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಬಾಗಿಲಲ್ಲಿ ನಿಂತು ಕೈ ಮುಗಿದು ಹೇಳಿದ.

“ಸಾಹೇಬ್ರು ಕಳಿಸ್ಯಾರ್ರಿ ಅಮ್ಮಾ. ನಿಮ್ಮನ್ನ ಕರ್ಕೊಂಡು ಬಾ ಅಂದಾರ್ರಿ.”

ಅವ್ವ ಅವನನ್ನು ಒಳಗೆ ಕರೆದು ಕೂಡಿಸಿದಳು. ಹಾದಿ ಮೇಲೆ ಬಂದೀಯಪ್ಪಾ, ಮೊದಲ ಊಟ ಮಾಡು ಎಂದು ಬಿಸಿ ರೊಟ್ಟಿ, ಮೊಸರು, ಶೇಂಗಾ ಹಿಂಡಿ ಬಡಿಸಿದಳು. ಬ್ಯಾಡ ಅಂದರೂ ಇನ್ನೊಂದು ರೊಟ್ಟಿ ಹಾಕಿದಳು. ಅವನ ಹೆಂಡತಿ ಮಕ್ಕಳ ಕ್ಷೇಮ ಕೇಳಿದಳು. ಬಂದೇಬಿಡುತ್ತಾಳೆ ಎಂದುಕೊಂಡು ನಾನು ನನ್ನ ಚೀಲ ತಂದು ಬಾಗಿಲಲ್ಲಿಟ್ಟೆ. ಅವನು ಕೈ ತೊಳೆದ ಮೇಲೆ ಅವ್ವ ಹಳೆಯ ಸೀರೆಯಲ್ಲಿ ಕಟ್ಟಿದ ಕೌದಿಯನ್ನು ಎತ್ತಿ ತಂದು ಅವನ ಕೈಗೆ ಕೊಟ್ಟಳು.

“ಕರ್ಕೊಂಡು ಬಾ ಅಂದಾರಲ್ಲ, ಇದನ್ನ ಕರ್ಕೊಂಡು ಹೋಗಪ್ಪಾ.”

ಆಮೇಲೆ ನನ್ನ ಕಡೆ ತಿರುಗಿ, “ನೀ ಯಾಕ ನಿಂತಿ? ನಿನಗ ಯಾವ ಮುನಿಸೂ ಇಲ್ಲ, ನೀ ಹೋಗು. ಹುಡುಗಿ ಹಾದಿ ನೋಡ್ತಿರ್ತದ,” ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಹಟ ಮಾಡಬ್ಯಾಡ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ ಎಂದೆ. ಅವಳು ನನ್ನ ಗಲ್ಲ ಸವರಿ, ಕೈ ಬಿಡಿಸಿಕೊಂಡು ಒಳಗೆ ಹೋದಳು. ಜೀಪು ಓಣಿ ದಾಟುವಾಗ ಹಿಂತಿರುಗಿ ನೋಡಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಯಚೂರಿನವರೆಗೂ ಅತ್ತೆ. ಡ್ರೈವರು ಪಾಪ, ಏನು ಹೇಳಬೇಕೆಂದು ತಿಳಿಯದೆ ಜೀಪನ್ನು ಮೆಲ್ಲಗೆ ಓಡಿಸಿದ.

ಶಕ್ತಿನಗರ ಮುಟ್ಟಿದಾಗ ಮಧ್ಯಾಹ್ನ. ಕ್ವಾರ್ಟರ್ಸಿನ ಮುಂದೆ ಚಪ್ಪರ ಎದ್ದಿತ್ತು, ಬೀಗರ ಕಡೆಯ ಕೆಲವರು ಬಂದಿದ್ದರು. ಜೀಪಿನ ಸದ್ದು ಕೇಳಿದ್ದೇ ಮಾಮಾ ಓಡಿಬಂದ. ನನ್ನನ್ನು ದಾಟಿ ಹಿಂದಿನ ಸೀಟಿನಲ್ಲಿ ನೋಡಿದ. ಬಗ್ಗಿ ಇನ್ನೊಮ್ಮೆ ನೋಡಿದ.

“ಅಕ್ಕ ಎಲ್ಲಿ?”

ನಾನು ಕೌದಿಯನ್ನು ಅವನ ಕೈಗಿಟ್ಟೆ. ಅವನು ಚಪ್ಪರದ ಕೆಳಗಿನ ಮಂಚದ ಮೇಲೆ ಗಂಟನ್ನಿಟ್ಟು ಬಿಚ್ಚಿದ. ಕೌದಿ ಹರಡಿಕೊಂಡಿತು. ನಡುವಿನಲ್ಲಿ ಕೆಂಪು ಚೌಕಳಿಯ ತುಂಡು, ಅವನನ್ನು ಬೆನ್ನಿಗೆ ಕಟ್ಟಿಕೊಂಡು ತಂದ ವಲ್ಲಿಯದು. ಅದರ ಸುತ್ತ ಅವನ ಖಾಕಿ ಚಡ್ಡಿ, ನಮ್ಮಜ್ಜಿಯ ಸೀರೆಯ ಸೆರಗು, ನನ್ನ ಲಂಗ. ಮಾಮಾ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಹೋಗಿ ಒಂದು ಮೂಲೆಗೆ ಬಂದು ನಿಂತ. ಆ ಮೂಲೆ ಹೊಲಿದಿರಲಿಲ್ಲ. ಬಾಯಿ ತೆರೆದುಕೊಂಡಿತ್ತು. ಅಲ್ಲಿ ಸೂಜಿ ಚುಚ್ಚಿತ್ತು, ಸೂಜಿಯಲ್ಲಿ ಉದ್ದ ದಾರ ಪೋಣಿಸಿಟ್ಟಿತ್ತು.

ಅವ್ವ ಮದುಮಗಳಿಗೆಂದು ಯಾರಿಗೆ ಕೌದಿ ಹೊಲಿದರೂ ಕೊನೆಯ ಮೂಲೆಯನ್ನು ಮನೆಯಲ್ಲಿ ಮುಗಿಸುತ್ತಿರಲಿಲ್ಲ. ಕೌದಿಯನ್ನು ಹುಡುಗಿಯ ಉಡಿಯಲ್ಲಿಟ್ಟು, ಆ ಮೂಲೆಯೊಳಗೆ ಒಂದು ಚಿಟಿಕೆ ಜೋಳ ಹಾಕಿ, ಅಲ್ಲೇ ಕೂತು ತನ್ನ ಕೈಯಾರೆ ಬಾಯಿ ಮುಚ್ಚಿ ಹೊಲಿದು ಬರುತ್ತಿದ್ದಳು. ಹೊದ್ದವರ ಹೊಟ್ಟೆ ಎಂದೂ ಖಾಲಿ ಇರಬಾರದು ಎಂದು ಹಾಗೆ. ಹುಡುಗನಾಗಿದ್ದಾಗ ಕೌದಿ ಹೊತ್ತುಕೊಂಡು ಅಕ್ಕನ ಹಿಂದೆ ಎಷ್ಟು ಲಗ್ನದ ಮನೆಗೆ ಹೋಗಿದ್ದನೋ ಮಾಮಾ, ಅವನಿಗೆ ಯಾರೂ ಅದರ ಅರ್ಥ ಹೇಳಬೇಕಾಗಿರಲಿಲ್ಲ. ಹಾದಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದ ನಾನು ಮಾತ್ರ ಗಂಟು ಬಿಚ್ಚಿ ನೋಡಿರಲಿಲ್ಲ.

“ಸೂಜಿ ಹಂಗ ಬಿಟ್ಟಾಳ,” ಎಂದ.

ಅಷ್ಟು ಹೊತ್ತಿಗೆ ಅತ್ತಿ ಅರಿಷಿಣದ ಬಟ್ಟಲು ಹಿಡಿದು ಹೊರಗೆ ಬಂದಿದ್ದಳು. ಕೌದಿ ನೋಡಿದಳು, ಗಂಡನ ಮುಖ ನೋಡಿದಳು. “ವದಿನ ಅಲಿಗಾರು,” ಎಂದಳು ತನ್ನ ತೆಲುಗಿನಲ್ಲಿ. ವದಿನ ಎಂದರೆ ಗಂಡನ ಅಕ್ಕ. ಅಲಿಗಾರು ಎಂದರೆ ಏನೆಂದು ನಾನು ಕೇಳಲಿಲ್ಲ, ಗೊತ್ತಾಯಿತು. ಅವಳು ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಕನ್ನಡಕ್ಕೆ ಬಂದಳು.

“ನಿಂತು ಏನು ನೋಡ್ತೀರಿ? ಹೋಗಿ ಕರ್ಕೊಂಡು ಬರ್ರಿ. ಅವ್ರು ಬರೋತನಕ ಈ ಮನ್ಯಾಗ ಯಾರೂ ಅರಿಷಿಣ ಹಚ್ಚಂಗಿಲ್ಲ.”

ಬೀಗರ ಕಡೆಯವರೊಬ್ಬರು ಹೊತ್ತಾಗುತ್ತದಲ್ಲ ಎಂದರು. ಆಗಲಿ ಬಿಡ್ರಿ ಎಂದಳು ಅತ್ತಿ. ನನಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಮಾಮಾ ಒಳಗೆ ಹೋಗಿ ಕುಂಕುಮದ ಭರಣಿಯನ್ನೂ ಅಕ್ಕಿಕಾಳನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು, ಮನೆಯಲ್ಲಿ ಹಾಕುವ ಹಳೆಯ ಅಂಗಿಯಲ್ಲೇ ಜೀಪು ಹತ್ತಿದ. ನಾನೂ ಹತ್ತಿದೆ. ಹಾದಿಯಲ್ಲಿ ಅವನು ಒಂದೇ ಒಂದು ಮಾತು ಆಡಿದ, ಅದೂ ಡ್ರೈವರಿಗೆ, ಸ್ವಲ್ಪ ಜೋರಾಗಿ ಹೊಡಿಯಪ್ಪಾ ಅಂತ.

ಅಕ್ಕನಿಗೆ ಏನು ಹೇಳುತ್ತಾನೋ ಎಂದು ನನಗೆ ಕಳವಳ. ಇಂಗ್ಲಿಷಿನಲ್ಲಾದರೆ ಸಾರಿ ಎಂದು ಒಂದು ಪದ ಇದೆ, ಬಸ್ಸಿನಲ್ಲಿ ಕಾಲು ತುಳಿದರೂ ಅದೇ, ಮನಸ್ಸು ತುಳಿದರೂ ಅದೇ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅಂಥ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪಾತು ಎನ್ನುವುದು ಪಂಚಾಯ್ತಿ ಕಟ್ಟೆಯ ಮಾತು, ಅಕ್ಕ-ತಮ್ಮನ ನಡುವೆ ಅದನ್ನು ತಂದರೆ ಅವ್ವ ಇನ್ನಷ್ಟು ಮುನಿಸಿಕೊಳ್ಳುತ್ತಿದ್ದಳು.

ಮಾನ್ವಿಯಲ್ಲಿ ಬಿಸಿಲು ಇಳಿದಿತ್ತು. ಮಾಮಾ ಜೀಪನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ ನಡೆದುಕೊಂಡು ಬಂದ. ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಕುಂಕುಮ ಹಚ್ಚಿ, ಒಳಗೆ ಹೋಗದೆ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತ. ಒಳಗೆ ಪಾತ್ರೆಯ ಸದ್ದು ನಿಂತಿತು.

“ಯಕ್ಕಾ,” ಎಂದ. “ಹಸಿವ್ಯಾಗ್ಯಾದ. ಮುಂಜಾನಿಂದ ಏನೂ ತಿಂದಿಲ್ಲ.”

ಒಳಗೆ ರೊಟ್ಟಿಯ ಬುಟ್ಟಿ ಎಳೆದ ಸದ್ದಾಯಿತು. ಆಮೇಲೆ ಅವ್ವ ತಾಟು ಹಿಡಿದುಕೊಂಡು ಬಂದಳು. ಬಿಳಿ ಜೋಳದ ರೊಟ್ಟಿ, ಅದರ ಮೇಲೆ ಹೊಗೆಯಾಡುವ ಪುಂಡಿಪಲ್ಯ. ಎಷ್ಟೋ ದಿನದಿಂದ ಮನೆಗೆ ತಾರದಿದ್ದ ಪುಂಡಿಯನ್ನು ಜೀಪು ಓಣಿ ದಾಟಿದ ಮೇಲೆ ಹೋಗಿ ತಂದಿದ್ದಳು. ತಾಟನ್ನು ಅವನ ಮುಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅವನು ಎರಡು ತುತ್ತು ತಿನ್ನುವವರೆಗೂ ಕಾದಳು.

“ಜೀಪು ಕಳಿ‌ಸಿದ್ದೆಲಾ,” ಎಂದಳು. “ಜೀಪು ನನಗ ಯಕ್ಕಾ ಅಂತದೇನಲೇ?”

ಮಾಮಾ ತಲೆ ಎತ್ತದೆ ಇನ್ನೊಂದು ತುತ್ತು ಮುರಿದ. ಅವ್ವ ಒಳಗೆ ಹೋಗಿ ನೀರಿನ ತಂಬಿಗೆ ತಂದಿಟ್ಟು, ಅವನ ಬೆನ್ನ ಮೇಲೆ ಕೈ ಇಟ್ಟಳು. ನಾನು ಇಂಗ್ಲಿಷ್ ಕಲಿಸುವ ಹೆಂಗಸು, ಓಣಿಯ ನಡುವೆ ನಿಂತು ಮಗುವಿನ ಹಾಗೆ ಅತ್ತೆ. ಬಳೆಗಾರರ ಹೆಂಗಸು ತನ್ನ ಬಾಗಿಲಿನಿಂದ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಊಟವಾದ ಮೇಲೆ ಮಾಮಾ ಕೈ ತೊಳೆದು, ಅಕ್ಕಿಕಾಳನ್ನು ಅಕ್ಕನ ಕೈಗೆ ಹಾಕಿ, ಮನೆಮಂದಿಯೆಲ್ಲ ಬರ್ರಿ ಎಂದು ಸಾಂಗವಾಗಿ ಹೇಳಿದ. ಮನೆಮಂದಿ ಎಂದರೆ ನಾವಿಬ್ಬರೇ.

ಅವ್ವ ಒಳಗಿನಿಂದ ಟ್ರಂಕು ತಂದಳು. ಅದು ಮೊದಲೇ ತುಂಬಿತ್ತು, ಬೀಗವೂ ಬಿದ್ದಿತ್ತು. ಎಮ್ಮೆಯನ್ನು ನೋಡಿಕೊಳ್ಳಲು ಗೆಳತಿಗೆ ಹೇಳಿದಳು, ಬಾಗಿಲಿಗೆ ಚಿಲಕ ಹಾಕಿದಳು. ಜೀಪಿನಲ್ಲಿ ಮುಂದೆ ಕೂಡು ಎಂದರೆ ಒಲ್ಲೆ ಎಂದು ಹಿಂದಿನ ಸೀಟಿನಲ್ಲಿ ತಮ್ಮನ ಪಕ್ಕ ಕೂತಳು. ಮಾನ್ವಿಯ ಕೊನೆಯ ಮನೆ ಹಿಂದಾಯಿತು. ಹೊಲಗಳು ಶುರುವಾದ ಮೇಲೆ ಮೆಲ್ಲಗೆ ಕೇಳಿದಳು.

“ಆ ಸೂಜಿ ಯಾರೂ ತಗದಿಲ್ಲಲ್ಲ?”

“ಇಲ್ಲ ಯಕ್ಕಾ,” ಎಂದ ಮಾಮಾ. “ಯಾರಿಗೂ ಮುಟ್ಟಾಕ ಬಿಟ್ಟಿಲ್ಲ.”